ಹೊಸ ಕಾರೋ, ಹಳೇ ಕಾರೋ? ಹುಬ್ಬಳ್ಳಿ-ಧಾರವಾಡದವರ ಲೆಕ್ಕ

"ಹೊಸಾದು ಎಂಟು ಲಕ್ಷ ರೀ ಸಾಹೇಬ್ರ. ಅದ ಗಾಡಿ, ನಾಕು ವರ್ಷದ್ದು, ನಾಕೂಕಾಲಿಗೆ ಕೊಡಸ್ತೀನಿ. ಅರ್ಧಕ್ಕರ್ಧ ಉಳೀತಲ್ಲ?" ಹುಬ್ಬಳ್ಳಿಯಲ್ಲಿ ಹಳೇ ಗಾಡಿ ಮಾರುವ ಯಾರ ಮುಂದೆ ನಿಂತರೂ ಕೇಳುವ ಮಾತಿದು. ಶೋರೂಮಿಗೆ ಹೋದರೆ ಅಲ್ಲಿಯ ಹುಡುಗನದು ಬೇರೆ ಮಾತು: "ತಿಂಗಳಿಗೆ ಹನ್ನೆರಡು ಸಾವಿರ ಅಷ್ಟ ಸರ್, ತಲಿಬ್ಯಾನಿ ಇಲ್ಲ." ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರೂ ಅರ್ಧ ಲೆಕ್ಕವನ್ನಷ್ಟೇ ಹೇಳುತ್ತಿದ್ದಾರೆ. ಗಾಡಿಗೆ ಕೊಟ್ಟ ಬೆಲೆಯೇ ಅದರ ಖರ್ಚಲ್ಲ. ಕೊಟ್ಟ ಬೆಲೆಗೆ ಬಡ್ಡಿ ಮತ್ತು ರಿಪೇರಿ ಕೂಡಿಸಿ, ಕೊನೆಗೆ ಮಾರಿದಾಗ ಬಂದದ್ದನ್ನು ಕಳೆದ ಮೇಲೆ ಎಷ್ಟು ಉಳಿಯುತ್ತದೋ ಅದು ಖರ್ಚು. ಹಾಗೆ ನೋಡಿದಾಗ ಹೊಸದಕ್ಕೂ ಹಳೇದಕ್ಕೂ ಇರುವ ಅಂತರ ನಾವಂದುಕೊಂಡಷ್ಟು ದೊಡ್ಡದಲ್ಲ.

ಐದು ವರ್ಷದ ಲೆಕ್ಕ

ಒಂದು ಸಣ್ಣ ಪೆಟ್ರೋಲ್ ಕಾರು ಹಿಡಿಯೋಣ. ಶೋರೂಮ್ ಬೆಲೆ 6.5 ಲಕ್ಷ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜೀವಾವಧಿ ತೆರಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ನಮ್ಮ ಗಾಡಿಗೆ ಶೇ. 14 ಅಂದರೆ 91 ಸಾವಿರ, ಆ ತೆರಿಗೆಯ ಮೇಲೆ ಸೆಸ್ ಬೇರೆ. ಒಟ್ಟು ಒಂದು ಲಕ್ಷ ದಾಟುತ್ತದೆ. ವಿಮೆ, ನೋಂದಣಿ, ಫಾಸ್ಟ್ಯಾಗ್ ಎಲ್ಲ ಸೇರಿ ಮನೆ ಮುಂದೆ ಬಂದು ನಿಲ್ಲುವ ಹೊತ್ತಿಗೆ 7.9 ಲಕ್ಷ ಅಂದುಕೊಳ್ಳಿ. 1.9 ಲಕ್ಷ ಕೈಯಿಂದ ಹಾಕಿ, 6 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು 12,455 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.47 ಲಕ್ಷ. ಐದು ವರ್ಷದ ನಂತರ ಗಾಡಿ 3.75 ಲಕ್ಷಕ್ಕೆ ಹೋಯಿತು ಅನ್ನೋಣ. ನಿಮ್ಮ ಕೈಯಿಂದ ನಿಜವಾಗಿ ಹೋದದ್ದು 5.6 ಲಕ್ಷ.

ಈಗ ಅದೇ ಮಾದರಿಯ ನಾಲ್ಕು ವರ್ಷದ ಗಾಡಿ, 4.25 ಲಕ್ಷ. ತಂದ ಕೂಡಲೇ ಟೈರು, ಬ್ಯಾಟರಿ, ಆಯಿಲ್, ಸಣ್ಣಪುಟ್ಟ ಕೆಲಸ, ಹೆಸರು ವರ್ಗಾವಣೆ ಅಂತ 40 ಸಾವಿರ ಇಡಲೇಬೇಕು. 3 ಲಕ್ಷ ಸಾಲ ತೆಗೆದರೆ ಹಳೇ ಗಾಡಿಗೆ ಬಡ್ಡಿ ಯಾವಾಗಲೂ ಹೆಚ್ಚು. ಶೇ. 14ರಂತೆ ನಾಲ್ಕು ವರ್ಷಕ್ಕೆ ಬಡ್ಡಿಯೇ 93 ಸಾವಿರ ಆಗುತ್ತದೆ. ಹೊಸ ಗಾಡಿಗೆ ಬರದ, ಇದಕ್ಕೆ ಬರುವ ರಿಪೇರಿ ಐದು ವರ್ಷಕ್ಕೆ 75 ಸಾವಿರ ಹಿಡಿಯಿರಿ: ಕ್ಲಚ್ ಪ್ಲೇಟು, ಸಸ್ಪೆನ್ಶನ್, ಎಸಿಯ ಯಾವುದೋ ಒಂದು ಭಾಗ. ಕೊನೆಗೆ ಒಂಬತ್ತು ವರ್ಷದ ಗಾಡಿಯಾಗಿ 2 ಲಕ್ಷಕ್ಕೆ ಮಾರಿದರೆ ಹೋದದ್ದು 4.3 ಲಕ್ಷ.

ವ್ಯತ್ಯಾಸ 1.3 ಲಕ್ಷದ ಆಸುಪಾಸು. ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಸಾವಿರದ ಮೇಲೆ ನೂರೋ ಇನ್ನೂರೋ. "ಅರ್ಧಕ್ಕರ್ಧ" ಎಲ್ಲಿ ಹೋಯಿತು ನೋಡಿ. ಮಾರುವ ಬೆಲೆಗಳು ನನ್ನ ಅಂದಾಜು, ನಿಮ್ಮ ಗಾಡಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ. ಆದರೆ ಲೆಕ್ಕದ ದಾರಿ ಇದೇ. ಹಳೇ ಗಾಡಿ ತಗೊಂಡವನಿಗೆ ತಿಂಗಳಿಗೆ ಉಳಿಯುವ ಆ ಎರಡು ಸಾವಿರ ಪುಕ್ಕಟೆ ಬರುವುದಿಲ್ಲ, ಗೊತ್ತಿಲ್ಲದ ಗಾಡಿಯ ಅಪಾಯವನ್ನು ತಲೆ ಮೇಲೆ ಹೊತ್ತದ್ದಕ್ಕೆ ಸಿಗುವ ಕೂಲಿ ಅದು. ಗಾಡಿ ಚಲೋ ಸಿಕ್ಕರೆ ಕೂಲಿ ಉಳಿಯಿತು. ಗೇರ್ ಬಾಕ್ಸ್ ಒಮ್ಮೆ ಬಿಚ್ಚುವ ಹಾಗಾದರೆ ವರ್ಷದ ಕೂಲಿ ಮಿಸ್ತ್ರಿಗೆ ಹೋಯಿತು.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿಯಿದೆ. ಕೈಯಲ್ಲಿ 4.25 ಲಕ್ಷ ರೊಕ್ಕ ಇರುವವರು ಸಾಲವಿಲ್ಲದೆ ಹಳೇದು ತಗೊಂಡರೆ ಖರ್ಚು 3.4 ಲಕ್ಷಕ್ಕೆ ಇಳಿಯುತ್ತದೆ. ಅದೇ ರೊಕ್ಕ ಹಾಕಿ ಉಳಿದ 3.65 ಲಕ್ಷಕ್ಕೆ ಸಾಲ ಮಾಡಿ ಹೊಸದು ತಗೊಂಡರೆ ಅದರ ಖರ್ಚು 5 ಲಕ್ಷದ ಸುತ್ತ ನಿಲ್ಲುತ್ತದೆ. ಅಂತರ 1.6 ಲಕ್ಷ ದಾಟಿತು. ಹೀಗಾಗಿ ನನ್ನ ಅಭಿಪ್ರಾಯ ನೇರ: ಹಳೇ ಗಾಡಿ ನಗದಿನವರ ವ್ಯವಹಾರ. ಸಾಲ ಮಾಡಲೇಬೇಕು, ಅದೂ ದೊಡ್ಡ ಸಾಲ ಅನ್ನುವವರು ಹೊಸ ಗಾಡಿಯ ಕಡಿಮೆ ಬಡ್ಡಿಯನ್ನು ಹಗುರವಾಗಿ ನೋಡಬಾರದು.

ಹತ್ತು-ಹನ್ನೆರಡು ವರ್ಷ ಒಂದೇ ಗಾಡಿ ಇಟ್ಟುಕೊಳ್ಳುವ ಮನೆತನಗಳು ನಮ್ಮಲ್ಲಿ ಬಹಳ. ಅಂಥವರಿಗೆ ಹೊಸದೇ ಲೇಸು, ಮೊದಲ ಮೂರು ವರ್ಷ ಬೆಲೆ ಕುಸಿಯುವ ಪೆಟ್ಟು ಅಷ್ಟು ಉದ್ದದ ಅವಧಿಗೆ ಹಂಚಿಹೋಗುತ್ತದೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಗಾಡಿ ಬದಲಿಸುವ ಚಟ ಇದ್ದವರು ಹೊಸದು ತಗೊಂಡರೆ ಪ್ರತಿಸಲವೂ ಅದೇ ಪೆಟ್ಟು ತಿನ್ನುತ್ತಾರೆ. ವಿಮಾ ಕಂಪನಿಗಳ ಸವಕಳಿ ಪಟ್ಟಿಯೇ ಇದನ್ನು ಹೇಳುತ್ತದೆ: ಆರು ತಿಂಗಳ ಒಳಗೆ ಶೇ. 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಪೇಟೆ ಬೆಲೆ ಮಾದರಿಯ ಮೇಲೆ ಹೆಚ್ಚು ಕಡಿಮೆ ಇರುತ್ತದೆ, ಆದರೆ ಇಳಿಜಾರು ಇದೇ.

ಎಷ್ಟು ಓಡಿಸುತ್ತೀರಿ?

ಧಾರವಾಡದ ಸಪ್ತಾಪುರದಿಂದ ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಬರುವವರು ಹೋಗಿಬರುವುದೇ 40 ಕಿ.ಮೀ., ವರ್ಷಕ್ಕೆ 12 ಸಾವಿರ ಕಿ.ಮೀ. ಆದರೆ ಇಂಥವರಲ್ಲಿ ಬಹಳ ಮಂದಿ ಕಾರಿದ್ದರೂ ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ ಬರುತ್ತಾರೆ. ಅದಕ್ಕೆ ಪ್ರತ್ಯೇಕ ದಾರಿ ಇದೆ, ಪಾರ್ಕಿಂಗ್ ಚಿಂತೆಯೂ ಇಲ್ಲ. ಕಾರು ಹೊರಬೀಳುವುದು ಮದುವೆಗೆ, ದವಾಖಾನೆಗೆ, ಶನಿವಾರ ನುಗ್ಗಿಕೇರಿ ಹನುಮಪ್ಪನಿಗೆ, ವರ್ಷಕ್ಕೊಮ್ಮೆ ಗೋವಾಕ್ಕೆ. ವರ್ಷಕ್ಕೆ 5 ಸಾವಿರ ಕಿ.ಮೀ. ಓಡದ ಗಾಡಿಗೆ ಎಂಟು ಲಕ್ಷ ಹಾಕಿ ಅದನ್ನು ಬಿಸಿಲಲ್ಲಿ ನಿಲ್ಲಿಸುವುದು ನನಗಂತೂ ಸರಿ ಕಾಣುವುದಿಲ್ಲ. ಇವರಿಗೆ ಪರಿಚಿತರ ಕೈಯಿಂದ ಬಂದ ನಾಲ್ಕೈದು ವರ್ಷದ ಪೆಟ್ರೋಲ್ ಗಾಡಿ ಸಾಕು.

ಅದೇ ಗದಗ, ಹಾವೇರಿಗೆ ದಿನಾ ಓಡಾಡುವ ವ್ಯಾಪಾರಿ, ಔಷಧ ಕಂಪನಿಯ ಪ್ರತಿನಿಧಿ, ಬ್ಯಾಡಗಿ ಪೇಟೆಗೂ ರಾಣೆಬೆನ್ನೂರಿಗೂ ಅಡ್ಡಾಡುವ ದಲಾಲಿ ಅಂಗಡಿಯವರು ವರ್ಷಕ್ಕೆ 25-30 ಸಾವಿರ ಕಿ.ಮೀ. ಹೊಡೆಯುತ್ತಾರೆ. ಇವರಿಗೆ ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆಯೂ ನಿಂತಿತು. ವಾರಂಟಿ ಇರುವ ಹೊಸ ಗಾಡಿ ಇವರಿಗೆ ಶೋಕಿಯಲ್ಲ, ಅಗತ್ಯ. ಈಗ ಸಾಮಾನ್ಯವಾಗಿ ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ವಾರಂಟಿ ಬರುತ್ತದೆ, ಇಂಥ ಓಡಾಟಕ್ಕೂ ಮೂರು ವರ್ಷಕ್ಕೆ 75-90 ಸಾವಿರ ಕಿ.ಮೀ. ಆಗುವುದರಿಂದ ಮೂರು ವರ್ಷವೇ ಮೊದಲು ಮುಗಿಯುತ್ತದೆ.

ಡೀಸೆಲ್ ಬಗ್ಗೆ ಒಂದು ಎಚ್ಚರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ಕಾದು ಸುಟ್ಟುಹೋಗಬೇಕು. ಕೇಶ್ವಾಪುರದಿಂದ ದುರ್ಗದಬೈಲಿಗೆ, ಅಲ್ಲಿಂದ ಮನೆಗೆ ಅಂತ ನಾಲ್ಕು ವರ್ಷ ಓಡಿದ ಡೀಸೆಲ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಹೀಗಾಗಿ ಹಳೇ ಡೀಸೆಲ್ ವಿಷಯದಲ್ಲಿ ಕಡಿಮೆ ಓಡಿದ ಗಾಡಿಯೇ ಚಲೋ ಅನ್ನುವ ಮಾತು ನಿಲ್ಲುವುದಿಲ್ಲ, ಹೆದ್ದಾರಿಯಲ್ಲಿ 70 ಸಾವಿರ ಓಡಿದ್ದು ಊರೊಳಗೆ 30 ಸಾವಿರ ಓಡಿದ್ದಕ್ಕಿಂತ ಮೇಲು. ಸಿಎನ್‌ಜಿ ಗಾಡಿಯಾದರೆ ಸಿಲಿಂಡರ್ ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ, ಮೂರು ವರ್ಷಕ್ಕೊಮ್ಮೆ ಅದು ಆಗಲೇಬೇಕು. ಹೊರಗೆ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲಿ ನಮೂದಾಗಿದೆಯೇ ಅನ್ನುವುದನ್ನೂ ನೋಡಿ.

ಅದೇ ರೊಕ್ಕಕ್ಕೆ ದೊಡ್ಡ ಗಾಡಿ

ನಿಜವಾದ ಆಸೆ ಇದು. ಎಂಟು ಲಕ್ಷಕ್ಕೆ ಹೊಸ ಸಣ್ಣ ಕಾರು ಬರುತ್ತದೆ, ಅದೇ ಎಂಟಕ್ಕೆ ಆರು ವರ್ಷದ ದೊಡ್ಡ ಎಸ್‌ಯುವಿ ಬರುತ್ತದೆ. ಬೀಗರ ಊರಿಗೆ ಹೋದಾಗ ಯಾವುದು ಚಂದ ಕಾಣುತ್ತದೆ ಅನ್ನುವುದನ್ನು ಯಾರೂ ಹೇಳಬೇಕಿಲ್ಲ. ಆದರೆ ಎಂಟು ಲಕ್ಷಕ್ಕೆ ತಗೊಂಡ ಹದಿನೆಂಟು ಲಕ್ಷದ ಗಾಡಿಯ ಬಿಡಿಭಾಗಗಳು ಹದಿನೆಂಟು ಲಕ್ಷದ ಗಾಡಿಯ ಬೆಲೆಯಲ್ಲೇ ಬರುತ್ತವೆ. ನೀವು ಸೋವಿಯಲ್ಲಿ ತಂದಿರಿ ಅಂತ ಟೈರಿನ ಅಂಗಡಿಯವನು ಕಡಿಮೆ ಮಾಡುವುದಿಲ್ಲ. ವಿಮೆಯಲ್ಲೂ ಹಾಗೇ: ಬರೀ ಥರ್ಡ್ ಪಾರ್ಟಿ ಕಂತೇ 1000ದಿಂದ 1500 ಸಿಸಿ ಎಂಜಿನ್‌ಗೆ ವರ್ಷಕ್ಕೆ 3,416 ಇದ್ದರೆ 1500 ಸಿಸಿ ಮೀರಿದ್ದಕ್ಕೆ 7,897 ರೂಪಾಯಿ. ದೊಡ್ಡ ಹಳೇ ಗಾಡಿ ತಗೊಳ್ಳುವುದಾದರೆ ಬೆಲೆಯ ಆರರಲ್ಲೊಂದು ಪಾಲು ಬೇರೆ ತೆಗೆದಿಡಿ. ಅಷ್ಟು ಇಲ್ಲದಿದ್ದರೆ ಆಸೆ ಬಿಡಿ.

ನವಲಗುಂದ, ರೋಣದ ಕಡೆಯ ರೈತರ ಮಾತು ಬೇರೆ. ಎರಿಮಣ್ಣಿನ ಹೊಲದ ದಾರಿಯಲ್ಲಿ ತಗ್ಗು ಕಾರು ಹೊಟ್ಟೆ ಉಜ್ಜಿಕೊಳ್ಳುತ್ತದೆ. ಅಲ್ಲಿ ಎತ್ತರದ ಗಾಡಿ ಕೆಲಸದ ಗಾಡಿ, ಮೈಮೇಲೆ ನಾಲ್ಕು ಗೀರು ಇರುವ ಹಳೇದಾದರೂ ಯಾರಿಗೂ ಬೇಜಾರಿಲ್ಲ.

ತೀರ ಸೋವಿಗೆ ಸಿಗುವ ಕೆಲವು ಹೆಸರುಗಳಿವೆ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿಯ ತಯಾರಿಕೆ ಕೈಬಿಡುವುದಾಗಿ ಹೇಳಿತು. ಗಾಡಿಗಳು ಗಟ್ಟಿ, ಓಡಿಸಲಿಕ್ಕೆ ಸೊಗಸು. ಆದರೆ ಗದಗಿನಲ್ಲೋ ಹಾನಗಲ್ಲಿನಲ್ಲೋ ಕೂತು ಒಂದು ಸೆನ್ಸರಿಗೆ ವಾರಗಟ್ಟಲೆ ಕಾಯುವ ತಾಳ್ಮೆ, ಕೈಗೆ ಸಿಗುವ ಒಬ್ಬ ಚಲೋ ಮಿಸ್ತ್ರಿ, ಎರಡೂ ಇದ್ದರೆ ಮಾತ್ರ ಆ ಕಡೆ ಹೋಗಿ.

ಹಳೇದಾದರೆ ಯಾವ ವರ್ಷದ್ದು?

ನನ್ನ ಗೆರೆ 2019ರ ಜುಲೈ. ಆ ವರ್ಷದ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಜೋರಾಗಿ ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್, ಜುಲೈಯಿಂದ ಚಾಲಕನ ಏರ್‌ಬ್ಯಾಗ್, ವೇಗ ಮೀರಿದಾಗ ಕೂಗುವ ಅಲಾರಂ, ಹಿಂದೆ ತೆಗೆಯುವಾಗಿನ ಸೆನ್ಸರ್ ಕಡ್ಡಾಯವಾದವು. ಮುಂದಿನ ಇನ್ನೊಂದು ಸೀಟಿನ ಏರ್‌ಬ್ಯಾಗ್ ಎಲ್ಲ ಮಾದರಿಗೂ ಕಡ್ಡಾಯವಾದದ್ದು 2022ರ ಆರಂಭಕ್ಕೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನ ಅಪಘಾತಗಳ ಸುದ್ದಿ ಓದಿದವರು ಇದನ್ನು ಸಣ್ಣ ಮಾತು ಅನ್ನಲಾರರು. 50 ಸಾವಿರ ಉಳಿಸಲಿಕ್ಕೆ 2017ರ ಕೆಳದರ್ಜೆಯ ಮಾದರಿ ತಂದು ಅದರಲ್ಲಿ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೆದ್ದಾರಿಗೆ ಇಳಿಯುವುದು ಬೇಡ.

ಇನ್ನೊಂದು ಗೆರೆ 2023ರ ಏಪ್ರಿಲ್. ಅಲ್ಲಿಂದ ಈಚೆಗೆ ತಯಾರಾದ ಪೆಟ್ರೋಲ್ ಗಾಡಿಗಳ ರಬ್ಬರು ಪೈಪು, ಸೀಲುಗಳು ಶೇ. 20 ಎಥನಾಲ್ ತಡೆಯುವಂಥವು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ ಪೆಟ್ರೋಲ್. ಅದಕ್ಕಿಂತ ಹಳೇ ಗಾಡಿ ಓಡುವುದಿಲ್ಲ ಅಂತಲ್ಲ, ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ, ಇಂಧನದ ಪೈಪುಗಳನ್ನು ಆಗಾಗ ನೋಡಿಸುತ್ತಿರಬೇಕು.

ಹನ್ನೆರಡು-ಹದಿಮೂರು ವರ್ಷದ ಗಾಡಿ ಒಂದೂವರೆ ಲಕ್ಷಕ್ಕೆ ಸಿಗುತ್ತದೆ. ಮಗನೋ ಮಗಳೋ ಕಲಿಯಲಿಕ್ಕೆ, ವರ್ಷದ ಮಟ್ಟಿಗೆ ಊರೊಳಗೆ ತಿರುಗಲಿಕ್ಕೆ ಅಡ್ಡಿಯಿಲ್ಲ. ಆದರೆ ನೋಂದಣಿ ಇರುವುದು 15 ವರ್ಷಕ್ಕೆ. ಅದು ಮುಗಿದ ಮೇಲೆ ಫಿಟ್ನೆಸ್ ಪಾಸಾಗಿ ಐದು ವರ್ಷಕ್ಕೆ ನವೀಕರಿಸಬೇಕು, ಅದರ ಶುಲ್ಕವೇ 5,000 ರೂಪಾಯಿ.

ಎಲ್ಲಿಂದ ಬಂದ ಗಾಡಿ?

ನಮ್ಮ ಕಡೆ ಮೊದಲು ಕೇಳುವುದೇ "ಯಾವ ಪಾಸಿಂಗ್?" ಅಂತ. ಕೆಎ-25 ಧಾರವಾಡ, 63 ಹುಬ್ಬಳ್ಳಿ, 26 ಗದಗ, 27 ಹಾವೇರಿ, 68 ರಾಣೆಬೆನ್ನೂರು. ಇವೇ ಆದರೆ ಗಾಡಿಯ ಚರಿತ್ರೆ ಒಂದೆರಡು ಫೋನಿನಲ್ಲಿ ಸಿಗುತ್ತದೆ, ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿರುವುದರಿಂದ ನಿಮಗೆ ಆ ಹೊರೆ ಇಲ್ಲ. ಹೊರರಾಜ್ಯದ ಗಾಡಿ ನೋಡಲಿಕ್ಕೆ 60-70 ಸಾವಿರ ಸೋವಿ ಇರುತ್ತದೆ. ಗೋವಾದವು, ಮಹಾರಾಷ್ಟ್ರದವು ಇಲ್ಲಿ ಬಹಳ ಬರುತ್ತವೆ, ದಿಲ್ಲಿಯ ಡೀಸೆಲ್ ಗಾಡಿಗಳೂ ಬರುತ್ತವೆ, ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್‌ಗೆ ತಡೆ ಬಂದದ್ದೇ ಕಾರಣ. ಇಂಥ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಉಳಿದ ಸೋವಿ ಅಲ್ಲೇ ಕರಗುತ್ತದೆ. "ಎನ್‌ಒಸಿ ಬರಾಕತ್ತೈತ್ರಿ, ನೀವು ಓಡಸ್ತಿರ್ರಿ" ಅಂದವರಿಗೆ ರೊಕ್ಕ ಕೊಡಬೇಡಿ.

ಮಹಾರಾಷ್ಟ್ರದ್ದಾದರೆ ಎಂಎಚ್-09 ಕೊಲ್ಲಾಪುರ, ಎಂಎಚ್-10 ಸಾಂಗಲಿ. ಆ ಎರಡೂ ಊರು 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈಯಲ್ಲಿ ಪ್ರವಾಹಕ್ಕೆ ಸಿಕ್ಕವು. 2019ರಲ್ಲಿ ಬೆಳಗಾವಿ, ಬಾಗಲಕೋಟೆ, ನಮ್ಮ ಧಾರವಾಡ, ಗದಗ ಜಿಲ್ಲೆಗಳೂ ಬಿಡಲಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ತೊಳೆದು ಒರೆಸಿ ಸುಗಂಧ ಹೊಡೆದು ನಿಲ್ಲಿಸಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಅದಕ್ಕೇ ಕೆಳಗಿನ ತಪಾಸಣೆ.

ಯಾರಿಂದ ಅನ್ನುವ ಪ್ರಶ್ನೆಗೆ ನನ್ನ ಕ್ರಮ ಹೀಗೆ. ಮೊದಲು ಬ್ಯಾಂಕು, ಕಾಲೇಜು, ರೈಲ್ವೆ ಕಚೇರಿಯಲ್ಲಿ ವರ್ಗಾವಣೆ ಆದವರು, ಹೊಸದು ತಗೊಳ್ಳುತ್ತಿರುವ ಪರಿಚಯದವರು. ಆಮೇಲೆ ಟ್ರೂ ವ್ಯಾಲ್ಯೂ ತರಹದ ಕಂಪನಿಗಳದೇ ಹಳೇ ಗಾಡಿ ಮಳಿಗೆಗಳು, ಬೆಲೆ ಹೆಚ್ಚು, ಆದರೆ ಖಾತ್ರಿ ಮಾಡಿದ ಗಾಡಿಗೆ ಸರ್ವಿಸ್ ದಾಖಲೆ, ಒಂದಿಷ್ಟು ವಾರಂಟಿ ಸಿಗುತ್ತದೆ. ಕೊನೆಗೆ ಬಯಲಲ್ಲಿ ಸಾಲಾಗಿ ನಿಲ್ಲಿಸಿದವರು. ಅಲ್ಲಿ ಎಲ್ಲ ಗಾಡಿಯೂ "ಡಾಕ್ಟರ್ ಗಾಡಿ ರೀ, ಮನಿಯಿಂದ ದವಾಖಾನಿಗೆ ಅಷ್ಟ." ಮಾರಾಟಕ್ಕೆ ನಿಂತ ಡಾಕ್ಟರ್ ಗಾಡಿಗಳನ್ನು ಎಣಿಸಿದರೆ ಹುಬ್ಬಳ್ಳಿಯ ಒಬ್ಬೊಬ್ಬ ಡಾಕ್ಟರಿಗೂ ನಾಲ್ಕು ನಾಲ್ಕು ಬರಬೇಕು. ಬ್ಯಾಂಕ್ ಜಪ್ತಿ ಹರಾಜಿನ ಗಾಡಿ ಹೊಸಬರಿಗಲ್ಲ, ಓಡಿಸಿ ನೋಡಲಿಕ್ಕೆ ಬಿಡುವುದೇ ಕಷ್ಟ.

ಕೈ ಹಚ್ಚಿ ನೋಡುವುದು

ಹಾವೇರಿ ಜಾನುವಾರು ಪೇಟೆಯಲ್ಲಿ ಎತ್ತಿನ ಬಾಯಿ ತೆಗೆದು ಹಲ್ಲು ಎಣಿಸದೆ ಯಾರೂ ರೊಕ್ಕ ಬಿಚ್ಚುವುದಿಲ್ಲ. ಗಾಡಿಗೂ ಹಲ್ಲುಗಳಿವೆ.

ಬೆಳಿಗ್ಗೆಯೇ ಹೋಗಿ, ಹೇಳದೆ ಹೋದರೆ ಇನ್ನೂ ಚಲೋ. ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ತಣ್ಣಗಿನ ಎಂಜಿನ್ ಹೇಳುವ ಸತ್ಯ ಮುಚ್ಚಿಹೋಯಿತು. ತಣ್ಣಗಿದ್ದರೆ ಕೀಲಿ ತಿರುವಿ ಹಿಂದೆ ನಿಲ್ಲಿ: ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಾನೆಟ್ ಎತ್ತಿ, ಮುಂದಿನ ಫೆಂಡರ್ ಹಿಡಿದ ಬೋಲ್ಟುಗಳನ್ನು ನೋಡಿ. ಕಾರ್ಖಾನೆಯಲ್ಲಿ ಬೋಲ್ಟು ಬಿಗಿದ ಮೇಲೆ ಬಣ್ಣ ಬಿದ್ದಿರುತ್ತದೆ, ಪಾನಾ ಹಾಕಿದ ಗುರುತು ಇರುವುದಿಲ್ಲ. ಬೋಲ್ಟಿನ ಮೂಲೆಗಳಲ್ಲಿ ಬಣ್ಣ ಎದ್ದಿದ್ದರೆ ಆ ಭಾಗ ಒಮ್ಮೆ ಬಿಚ್ಚಿದೆ. ಬಾಗಿಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳು ಎರಡೂ ಕಡೆ ಒಂದೇ ಸಮ ಇವೆಯೇ ನೋಡಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2221 ಅಂದರೆ 2021ರ 22ನೇ ವಾರ ತಯಾರಾದದ್ದು. ಗಾಡಿ 2021ರದು, ಮೀಟರ್ 28 ಸಾವಿರ ತೋರಿಸುತ್ತಿದೆ, ನಾಲ್ಕೂ ಟೈರು ಹೋದ ವರ್ಷದ್ದು ಅಂದರೆ ಕೇಳಬೇಕಾದ ಪ್ರಶ್ನೆ ಇದೆ, ಸಾಮಾನ್ಯವಾಗಿ ಮೊದಲ ಜೋಡಿ ಟೈರು 40 ಸಾವಿರದವರೆಗೆ ಬರುತ್ತವೆ. ಮೀಟರ್ ತಿರುಗಿಸುವುದು ಇವತ್ತು ಲ್ಯಾಪ್‌ಟಾಪಿನ ಕೆಲಸ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದೆಯೇ, ಚಾಲಕನ ಸೀಟಿನ ಬಲ ಅಂಚು ಕುಸಿದಿದೆಯೇ, ಸ್ಟಿಯರಿಂಗ್ ಹೊಳೆಯುತ್ತಿದೆಯೇ ನೋಡಿ, ಇವನ್ನು ಲ್ಯಾಪ್‌ಟಾಪ್ ತಿದ್ದುವುದಿಲ್ಲ. ಆಮೇಲೆ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನಂಬರ್ ಹೇಳಿ ಮಾಲೀಕರಿಂದಲೇ ದಾಖಲೆ ತೆಗೆಸಿ. ಯಾವ ದಿನಕ್ಕೆ ಎಷ್ಟು ಕಿ.ಮೀ. ಅನ್ನುವುದು ಅಲ್ಲಿರುತ್ತದೆ.

ನೀರು ಕುಡಿದ ಗಾಡಿಗೆ: ಡಿಕ್ಕಿಯ ಮ್ಯಾಟ್ ತೆಗೆದು ಸ್ಟೆಪ್ನಿ ಎತ್ತಿ, ಆ ಗುಂಡಿಯ ಮೂಲೆಗೆ ಬೆರಳು ಹಾಕಿ. ನಮ್ಮ ಎರಿಮಣ್ಣು ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ, ಎಷ್ಟು ತೊಳೆದರೂ ಮೂಲೆಯಲ್ಲಿ ಒಂದು ಚಿಟಿಕೆ ಉಳಿದಿರುತ್ತದೆ. ಸೀಟ್ ಬೆಲ್ಟನ್ನು ಅರ್ಧ ಎಳೆದು ಬಿಡಬೇಡಿ, ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡ ಭಾಗದಲ್ಲಿ ನೀರಿನ ಕಲೆ ಇದ್ದರೆ ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಿಕೆಯ ವರ್ಷವೂ ಇರುತ್ತದೆ. ಗಾಡಿಗಿಂತ ಬೆಲ್ಟ್ ಹೊಸದಾಗಿದ್ದರೆ ಒಂದು ದೊಡ್ಡ ಅಪಘಾತ ಆಗಿರಬಹುದು.

ಓಡಿಸಿ ನೋಡಲಿಕ್ಕೆ ಪಿ.ಬಿ. ರೋಡಿನ ಒಂದು ಸುತ್ತು ಸಾಲದು. ನಾಲ್ಕು ಜನ ಕೂತು, ಎಸಿ ಹಾಕಿ, ಉಣಕಲ್ ಕಡೆಯಿಂದ ನೃಪತುಂಗ ಬೆಟ್ಟದ ಏರಿಗೆ ಎರಡನೇ ಗೇರಿನಲ್ಲಿ ತಗೊಳ್ಳಿ. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ ಅಂದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಬ್ರೇಕ್ ಒಂದು ಕಡೆ ಎಳೆಯುತ್ತದೆಯೇ ಗೊತ್ತಾಗುತ್ತದೆ. ಆಮೇಲೆ ಗದಗ ರಸ್ತೆಯಲ್ಲಿ 80ರ ವೇಗಕ್ಕೆ ಸ್ಟಿಯರಿಂಗ್ ನಡುಗುತ್ತದೆಯೇ ನೋಡಿ. ಇಷ್ಟೆಲ್ಲ ನೀವು ನೋಡಿದ ಮೇಲೂ ನಿಮ್ಮ ಮಿಸ್ತ್ರಿಗೆ ಸಾವಿರ ರೂಪಾಯಿ ಕೊಟ್ಟು ಲಿಫ್ಟಿನ ಮೇಲೆ ಏರಿಸಿ ಕೆಳಗಿನಿಂದ ತೋರಿಸಿ. ಮಾರುವವರು "ಮಿಸ್ತ್ರಿ ಯಾಕ ಬೇಕ್ರಿ, ನಾವ ಅದೀವಲ್ಲ" ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಹೊಸದು ತಗೊಳ್ಳುವವರಿಗೆ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28 ಮತ್ತು ಸೆಸ್‌ನಿಂದ ಶೇ. 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿವರೆಗಿನವು ಇದರಲ್ಲಿ ಬರುತ್ತವೆ. ಹಳೇ ಗಾಡಿ ಮಾರುವವರು ಇನ್ನೂ ಹಿಂದಿನ ಬೆಲೆ ಇಟ್ಟುಕೊಂಡು ಚೌಕಾಶಿ ಮಾಡುತ್ತಾರೆ. ಅವರೆದುರೇ ಇವತ್ತಿನ ಶೋರೂಮ್ ಬೆಲೆ ಫೋನಿನಲ್ಲಿ ತೆಗೆದು ತೋರಿಸಿ.

ದಸರಾ, ದೀಪಾವಳಿ ಪಾಡ್ಯದಂದೇ ಗಾಡಿ ಮನೆಗೆ ಬರಬೇಕು ಅನ್ನುವ ಆಸೆ ಎಲ್ಲರದು, ಆದರೆ ನಿಜವಾದ ರಿಯಾಯಿತಿ ಡಿಸೆಂಬರಿನಲ್ಲಿ. ಡಿಸೆಂಬರಿನ ಗಾಡಿ ಜನವರಿಗೆ "ಹೋದ ವರ್ಷದ್ದು" ಆಗುತ್ತದೆ, ಮಾರುವಾಗ ಬೆಲೆ ಕಡಿಮೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದು ಲೆಕ್ಕಕ್ಕಿಲ್ಲ, ಧಾರಾಳವಾಗಿ ತಗೊಳ್ಳಿ. ನೋಂದಣಿಗೆ ಮೊದಲು ನಿಮಗೆ ಕೊಡುವ ಗಾಡಿಯನ್ನೇ ನೋಡಿ ತಯಾರಿಕೆಯ ತಿಂಗಳು ಕೇಳಿ, ಆರು ತಿಂಗಳು ಯಾರ್ಡಿನಲ್ಲಿ ನಿಂತದ್ದು ಬೇಡ. ವಿಮೆ ಶೋರೂಮಿನಲ್ಲೇ ಮಾಡಿಸಬೇಕು ಅನ್ನುವ ನಿಯಮವಿಲ್ಲ, ಹೊರಗೆ ಬೆಲೆ ಕೇಳಿಕೊಂಡು ಹೋದರೆ ಅವರೂ ಇಳಿಸುತ್ತಾರೆ. ಹತ್ತು ಲಕ್ಷ ಮೀರಿದ ಗಾಡಿಗೆ ಶೇ. 1 ಟಿಸಿಎಸ್ (ಮಾರುವವರೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹಳೇ ಗಾಡಿ ಎಕ್ಸ್‌ಚೇಂಜ್‌ಗೆ ಕೊಡುವವರು ವಿಮೆಯ ನೋ ಕ್ಲೇಮ್ ಬೋನಸ್ ಮರೆಯಬೇಡಿ. ಅದು ಗಾಡಿಯದಲ್ಲ, ಮಾಲೀಕನದು. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಶೇ. 50ರವರೆಗೆ ರಿಯಾಯಿತಿ ಇರುತ್ತದೆ, ಪತ್ರ ಪಡೆದು ಹೊಸ ಗಾಡಿಯ ವಿಮೆಗೆ ಹಚ್ಚಿಕೊಳ್ಳಿ.

ಹಳೇ ಗಾಡಿಯ ಕಾಗದಪತ್ರ

ಸಂಚಕಾರ ಕೊಡುವ ಮೊದಲೇ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ. ಎಷ್ಟನೇ ಮಾಲೀಕ, ಸಾಲ ಬಾಕಿ ಇದೆಯೇ, ವಿಮೆ ಯಾವತ್ತಿನವರೆಗೆ ಅನ್ನುವುದು ಸಿಗುತ್ತದೆ. ಇ-ಚಲನ್ ಬಾಕಿಯನ್ನೂ ನೋಡಿ. ಮೊದಲು ಹಳದಿ ಬೋರ್ಡಿನ ಟ್ಯಾಕ್ಸಿಯಾಗಿದ್ದು ಆಮೇಲೆ ಬಿಳಿ ಬೋರ್ಡಿಗೆ ಬಂದದ್ದೇ ಅಂತ ನೇರವಾಗಿ ಕೇಳಿ, ಆರ್‌ಸಿಯ ಹಿಂದಿನ ದಾಖಲೆ ತೋರಿಸಲು ಹೇಳಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಆ ಹೆಸರು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30. ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಅರ್ಜಿ ಹಾಕಬೇಕು.

ಸಹಿ ಮಾಡಿದ ಖಾಲಿ ಫಾರ್ಮ್ ಇಟ್ಟುಕೊಂಡು ಕೈಯಿಂದ ಕೈಗೆ ಗಾಡಿ ದಾಟಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮಾರುವವರಿಗೆ ಇದು ಗಂಡಾಂತರ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ವ್ಯಾಪಾರಿಗಳಿಗೆ ಆರ್‌ಟಿಒ ಅಧಿಕಾರಪತ್ರ ಬೇಕು, ಗಾಡಿ ಅವರ ಕೈಗೆ ಹೋದದ್ದನ್ನು ಫಾರ್ಮ್ 29ಸಿಯಲ್ಲಿ ತಿಳಿಸಬೇಕು. ಅಂಗಡಿಯವರಲ್ಲಿ ಆ ಅಧಿಕಾರಪತ್ರ ಕೇಳಿ, ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಆರ್‌ಸಿ ನಿಮ್ಮ ಹೆಸರಲ್ಲಿ, ಪಾಲಿಸಿ ಹಳೇ ಮಾಲೀಕರ ಹೆಸರಲ್ಲಿ ಇದ್ದಾಗ ಗಾಡಿ ಜಖಂ ಆದರೆ ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ. ಫಾಸ್ಟ್ಯಾಗ್ ಹಳೇದನ್ನು ಅವರಿಂದಲೇ ಬಂದ್ ಮಾಡಿಸಿ ನಿಮ್ಮದು ಹಚ್ಚಿ, ಇಲ್ಲವಾದರೆ ನೀವು ಟೋಲ್ ದಾಟಿದಾಗೆಲ್ಲ ಅವರ ಖಾತೆಯಿಂದ ರೊಕ್ಕ ಹೋಗುತ್ತದೆ, ನಿಮಗೆ ಫೋನ್ ಬರುತ್ತದೆ.